ಹತ್ತಿರದಿಂದ ತೆಗೆದ ಐದು ಚಿತ್ರ: ಇವು ಯಾವ ಮರಗಳು?

ಸಿದ್ದಾಪುರದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ತೆಂಗು, ಅಡಿಕೆ, ಈಚಲು ಎಲ್ಲ ಒಂದೇ ಕುಟುಂಬದ ಮರಗಳು ಎಂದು ಪಾಠದಲ್ಲಿ ಬಂದಾಗ ಎಂಟನೇ ತರಗತಿಯ ಮಕ್ಕಳು ಆ ಕುಟುಂಬದ ಚಿತ್ರಪಟವೊಂದನ್ನು ಮಾಡಿ ಶಾಲೆಯ ಗೋಡೆಗೆ ಹಾಕುತ್ತೇವೆಂದು ಹೊರಟರು. ದೂರದಿಂದ ತೆಗೆದರೆ ಎಲ್ಲ ಮರವೂ ಕಂಬದ ಮೇಲೆ ಗರಿ ಕಟ್ಟಿದಂತೆಯೇ ಕಾಣುತ್ತದೆ, ಹತ್ತಿರ ಹೋಗಿ ತೆಗೆಯಿರಿ ಎಂದು ನಾನೇ ಹೇಳಿಕೊಟ್ಟೆ. ರಜೆ ಮುಗಿಸಿ ಬಂದವರು ಚಿತ್ರಗಳನ್ನು ತಂದಿದ್ದಾರೆ. ಒಂದೊಂದೂ ಚೆಂದವಾಗಿದೆ. ಆದರೆ ಯಾವುದು ಯಾವ ಮರದ್ದು ಎಂದು ಹೇಳಲು ನನಗೇ ಆಗುತ್ತಿಲ್ಲ.

ಚಿತ್ರ 1, ಶರಾವತಿ ಕಣಿವೆಯ ಕಾನಿನೊಳಗೆ ತೆಗೆದದ್ದು. ಎಲೆಯ ಅಡಿಭಾಗ ಸುಣ್ಣ ಬಳಿದಂತೆ ಬಿಳಿ, ತುದಿ ಹರಿದಂತೆ ಹಲ್ಲು ಹಲ್ಲು. ಚಿತ್ರ 2, ಉಡುಪಿ ಕಡೆಯ ಮನೆಯೊಂದರ ಹಿತ್ತಿಲಿನದು. ಎಲೆಯ ತೊಟ್ಟಿನ ಅಂಚಿನಲ್ಲಿ ಗರಗಸದಂಥ ಕಪ್ಪು ಹಲ್ಲುಗಳು. ಚಿತ್ರ 3 ಕಾಂಡ. ಮೈತುಂಬ ಓರೆ ಚೌಕಗಳು. ಇದು ಹೊಸಪೇಟೆ ಹತ್ತಿರದ ಹಳ್ಳದ ದಂಡೆಯಲ್ಲಿ ಸಿಕ್ಕಿತಂತೆ. ಚಿತ್ರ 4 ಬೆಂಗಳೂರಿನ ನೆಂಟರ ಮನೆಯ ಕುಂಡದ ಗಿಡ. ಹಳದಿ ದಂಟು, ಅದರ ಮೇಲೆ ಕರಿ ಚುಕ್ಕೆ. ಚಿತ್ರ 5 ನಮ್ಮ ಊರಿನದೇ, ಒಬ್ಬರ ಅಂಗಳದ್ದು. ಎಳೆಯ ಗರಿಯ ಸೀಳುಗಳೆಲ್ಲ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿವೆ.

ಮಕ್ಕಳಿಗೆ ತಪ್ಪು ಹೆಸರು ಬರೆಸಬಾರದೆಂಬ ಆಸೆ. ತಿಳಿದವರು ನೆರವಾಗಬೇಕು.

ಹಿಂಗಾರ, ಶಿರಸಿ:

ಮೇಷ್ಟ್ರೇ, ಚಿತ್ರ 1 ಕಾಡಡಿಕೆ. ನಮ್ಮ ಬೆಟ್ಟದ ಅಂಚಿನಲ್ಲಿ ಗುಂಪು ಗುಂಪಾಗಿ ಬೆಳೆಯುತ್ತದೆ. ಅಡಿಕೆ ಸೋಗೆಯ ತುದಿಯ ಎಲೆಗಳೂ ಹೀಗೆಯೇ ಕತ್ತರಿ ಆಡಿಸಿದಂತೆ ಇರುತ್ತವಲ್ಲ, ಅದೇ ಲಕ್ಷಣ ಇಲ್ಲಿಯೂ ಇದೆ. ಉಳಿದವನ್ನು ಬಲ್ಲವರು ಹೇಳಲಿ.

ಬೆಟ್ಟದಹಾದಿ, ಹನೂರು:

ಹರಿದಂಥ ತುದಿ ಎಂದರೆ ಬೈನೆ ಅಲ್ಲವೇ? ಬೈನೆಯ ಮರಿಯಿರಬಹುದು ಎಂದು ನನಗೆ ಅನಿಸುತ್ತದೆ. ಚಿತ್ರ 3 ಮಾತ್ರ ಈಚಲು. ಅದರಲ್ಲಿ ಅನುಮಾನವಿಲ್ಲ. ಒಣಗಿದ ಗರಿಗಳನ್ನು ಸವರಿದ ಮೇಲೆ ಉಳಿಯುವ ಬುಡಗಳೇ ಆ ಚೌಕಗಳು.

ಬೇರುಬಿಳಲು, ಮೈಸೂರು:

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮೊದಲಿಗೆ, ಮಕ್ಕಳು ಹತ್ತಿರ ಹೋಗಿ ತೆಗೆದದ್ದು ಬಹಳ ಒಳ್ಳೆಯದಾಯಿತು. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 2,600 ಪ್ರಭೇದಗಳಿವೆ. ಅವುಗಳ ಹೊರನೋಟ ಮೋಸ ಮಾಡುವಷ್ಟು ಬೇರೆ ಯಾವುದೂ ಮಾಡುವುದಿಲ್ಲ. ಆದರೆ ಹತ್ತಿರ ಹೋದರೆ ಸಾಲದು, ಸರಿಯಾದ ಜಾಗಕ್ಕೆ ಹತ್ತಿರ ಹೋಗಬೇಕು. ಹರಿದಂಥ ತುದಿ ಅಡಿಕೆಗೂ ಇದೆ, ಕಾಡಡಿಕೆಗೂ ಇದೆ, ಬೈನೆಗೂ ಇದೆ, ಇನ್ನೂ ಒಂದೆರಡಕ್ಕೆ ಇದೆ. ಹಾಗಾಗಿ ತುದಿ ನೋಡಿ ಹೆಸರು ಹೇಳಲಾಗದು. ಬುಡ ನೋಡಬೇಕು.

ಗರಿ ಎಂದರೆ ಇಡೀ ಎಲೆ. ಅದರ ನಡುವಿನ ಗಟ್ಟಿ ಭಾಗ ದಿಂಡು. ದಿಂಡಿನ ಎರಡು ಮಗ್ಗುಲಲ್ಲಿ ಸಾಲಾಗಿ ಇರುವ ಒಂದೊಂದು ಸೀಳನ್ನು ಕಿರುಎಲೆ ಎನ್ನೋಣ. ಕಿರುಎಲೆ ದಿಂಡಿಗೆ ಕೂಡುವಲ್ಲಿ ಒಂದು ಮಡಿಕೆ ಇರುತ್ತದೆ. ಅಲ್ಲಿ ಬ್ಲೇಡಿನಿಂದ ಅಡ್ಡ ಕೊಯ್ದು ನೋಡಿದರೆ ಕಾಣುವುದು ಎರಡೇ ಬಗೆ. ಒಂದು ದೋಣಿಯ ಹಾಗೆ ಮೇಲಕ್ಕೆ ತೆರೆದದ್ದು. ಬುಡಕ್ಕೆ ನೀರು ಹನಿಸಿದರೆ ಒಳಗೆ ನಿಲ್ಲುತ್ತದೆ. ಇನ್ನೊಂದು ಮನೆಯ ಮಾಡಿನ ಹಾಗೆ ಕವುಚಿದ್ದು. ನೀರು ಎರಡೂ ಬದಿಗೆ ಇಳಿದುಹೋಗುತ್ತದೆ. ತೆಂಗು, ಅಡಿಕೆ, ಕಾಡಡಿಕೆ, ಬೆತ್ತ, ಉದ್ಯಾನಗಳಲ್ಲಿ ನೆಟ್ಟಿರುವ ರಾಯಲ್ ಪಾಮ್, ಎಣ್ಣೆತಾಳೆ ಇವೆಲ್ಲ ಮಾಡು. ಈಚಲು, ಖರ್ಜೂರ, ಬೈನೆ ಮತ್ತು ಬೈನೆಯ ಹತ್ತಿರದ ನೆಂಟರು ದೋಣಿ. ಗಿಡ ಎಳೆಯದಿರಲಿ, ಮುದಿಯಿರಲಿ, ನೆರಳಿನಲ್ಲಿರಲಿ, ಬಿಸಿಲಿನಲ್ಲಿರಲಿ, ಈ ಮಡಿಕೆ ಬದಲಾಗುವುದಿಲ್ಲ.

ಆದ್ದರಿಂದ ಚಿತ್ರ 1ರ ಮರಕ್ಕೆ ಮತ್ತೆ ಹೋಗುವಂತಿದ್ದರೆ ಮೂರು ಚಿತ್ರ ಬೇಕು: ಕಿರುಎಲೆಯ ಬುಡ, ಗರಿಯ ಬುಡ ಕಾಂಡವನ್ನು ಅಪ್ಪಿಕೊಂಡ ಜಾಗ, ಮತ್ತು ಯಾರಾದರೂ ಪಕ್ಕದಲ್ಲಿ ನಿಂತಿರುವ ಒಂದು ಚಿತ್ರ. ನನಗೆ ಒಂದು ಊಹೆ ಇದೆ, ಮಡಿಕೆ ನೋಡುವ ತನಕ ಹೇಳುವುದಿಲ್ಲ. ಹಣ್ಣು ಸಿಕ್ಕರೆ ಮಕ್ಕಳು ಬರಿಗೈಯಲ್ಲಿ ಬಿಡಿಸದಂತೆ ನೋಡಿಕೊಳ್ಳಿ.

ಹಿಂಗಾರ, ಶಿರಸಿ:

ಮೇಡಂ, ನೀವು ಬರೆದದ್ದನ್ನು ಓದಿ ಸಂಜೆ ಕತ್ತಿ ಹಿಡಿದು ತೋಟಕ್ಕೆ ಹೋದೆ. ನಲವತ್ತು ವರ್ಷದಿಂದ ಸೋಗೆ ಕಡಿಯುತ್ತಿದ್ದೇನೆ, ಹೊದಿಸುತ್ತಿದ್ದೇನೆ, ಹಾಳೆ ಬಿಡಿಸಿ ತಟ್ಟೆ ಮಾಡುವವರಿಗೆ ಕೊಡುತ್ತಿದ್ದೇನೆ. ಎಲೆಯ ಬುಡವನ್ನು ಹೀಗೆ ಒಮ್ಮೆಯೂ ನೋಡಿರಲಿಲ್ಲ. ಅಡಿಕೆಯದು ಮಾಡೇ. ತೆಂಗಿನದೂ ಮಾಡು, ಅದರಲ್ಲಿ ಇನ್ನೂ ಸ್ಪಷ್ಟ. ಬೇಲಿಯ ಹತ್ತಿರ ಒಂದು ಬೈನೆ ಇದೆ. ಅದರ ಕೆಳಗಿನ ಗರಿಯನ್ನು ಜಗ್ಗಿ ನೋಡಿದೆ. ದೋಣಿ! ತಂಬಿಗೆಯಿಂದ ನೀರು ಹನಿಸಿದೆ, ಹೊಟ್ಟೆಯಲ್ಲಿ ನಿಂತಿತು. ಮೂರನ್ನೂ ಕೊಯ್ದು ಒಂದೇ ಹಾಳೆಯ ಮೇಲೆ ಸಾಲಾಗಿ ಇಟ್ಟು ತೆಗೆದ ಚಿತ್ರ ಹಾಕಿದ್ದೇನೆ.

ನನ್ನ ಮಾತನ್ನು ಬಿಟ್ಟುಕೊಟ್ಟಿಲ್ಲ. ಮೇಷ್ಟ್ರು ನೋಡಿ ಬಂದು ಮಾಡು ಎಂದರೆ ಅದು ಕಾಡಡಿಕೆಯೇ.

ಬೇರುಬಿಳಲು, ಮೈಸೂರು:

ತೋಟದವರೇ, ಆ ಚಿತ್ರವನ್ನು ನನ್ನ ತರಗತಿಯಲ್ಲಿ ತೋರಿಸಲು ಬಳಸಿಕೊಳ್ಳಲೇ? ಅಡಿಕೆ ಹಾಳೆಯ ಮೇಲೆ ಮೂರು ಮರಗಳ ಮಡಿಕೆಗಳನ್ನು ಇಟ್ಟದ್ದು ಯಾವ ಪಠ್ಯಪುಸ್ತಕದ ರೇಖಾಚಿತ್ರಕ್ಕಿಂತಲೂ ಚೆನ್ನಾಗಿದೆ.

ಹಿಂಗಾರ, ಶಿರಸಿ:

ಅದಕ್ಕೇನು, ಧಾರಾಳವಾಗಿ ಬಳಸಿ.

ಹಸಿರುಕುಂಡ, ಬೆಂಗಳೂರು:

ಚಿತ್ರ 4ಕ್ಕೆ ನಾನು ಹೇಳಬಲ್ಲೆ. ಇಪ್ಪತ್ತು ವರ್ಷ ನರ್ಸರಿಯಲ್ಲಿ ದುಡಿದಿದ್ದೇನೆ. ನಾವು ಇದನ್ನು ಅರೆಕಾ ಪಾಮ್ ಎಂದು ಮಾರುತ್ತೇವೆ, ಗಿರಾಕಿಗಳೂ ಹಾಗೆಯೇ ಕೇಳುತ್ತಾರೆ. ಕುಟುಂಬ ಒಂದೇ ಆದರೂ ಇದು ಅಡಿಕೆಯಲ್ಲ. ಇದರ ತವರು ಮಡಗಾಸ್ಕರ್. ಮಲೆನಾಡಿನಿಂದ ಬಂದವರೊಬ್ಬರು ಕುಂಡದಲ್ಲಿ ಅಡಿಕೆ ಬಿಡುವುದು ಯಾವಾಗ ಎಂದು ಒಮ್ಮೆ ಕೇಳಿದ್ದರು. ಅವರ ತಪ್ಪಲ್ಲ, ಹೆಸರಿನ ತಪ್ಪು.

ದಂಟಿನ ಮೇಲಿನ ಕರಿ ಚುಕ್ಕೆಗೆ ಹೆದರಬೇಡಿ. ಅದು ರೋಗವಲ್ಲ, ಈ ಜಾತಿಯ ಮೈಮೇಲೆ ಹುಟ್ಟಿನಿಂದಲೇ ಇರುವ ಗುರುತು. ಚುಕ್ಕೆ ಕಂಡು ಔಷಧಿ ಹೊಡೆದು ಗಿಡ ಕೆಡಿಸಿಕೊಂಡವರನ್ನು ಬಹಳ ನೋಡಿದ್ದೇನೆ. ಉಗುರಿನಿಂದ ಮೆಲ್ಲನೆ ಕೆರೆದು ನೋಡಿ. ಹುಳವಾದರೆ ಏಳುತ್ತದೆ, ಕೆಳಗೆ ಅಂಟು ಸಿಗುತ್ತದೆ. ಇದು ಹಾಗೆ ಏಳುವುದಿಲ್ಲ.

ಬೇರುಬಿಳಲು, ಮೈಸೂರು:

ಸರಿಯಾಗಿ ಹೇಳಿದಿರಿ. ವೈಜ್ಞಾನಿಕ ಹೆಸರು ಬರೆಯುವುದಾದರೆ ಡಿಪ್ಸಿಸ್ ಲ್ಯುಟೆಸೆನ್ಸ್ ಎಂದೇ ಹೆಚ್ಚಿನ ಪುಸ್ತಕಗಳಲ್ಲಿ ಸಿಗುತ್ತದೆ. ಈಚೆಗೆ ಅದನ್ನು ಹಳೆಯ ಹೆಸರಾದ ಕ್ರಿಸಾಲಿಡೊಕಾರ್ಪಸ್ ಲ್ಯುಟೆಸೆನ್ಸ್‌ಗೆ ಮರಳಿಸಿದ್ದಾರೆ. ಮಕ್ಕಳು ಎರಡನ್ನೂ ಬರೆಯಲಿ.

ಹಸಿರುಕುಂಡ, ಬೆಂಗಳೂರು:

ಹೆಸರಿನ ಮಾತು ಬಂದದ್ದರಿಂದ ಇನ್ನೊಂದು. ರಸ್ತೆಬದಿಯಲ್ಲಿ, ಕಚೇರಿಗಳ ಮುಂದೆ ಸಾಲಾಗಿ ನಿಂತಿರುವ ಬೂದು ಕಂಬದ ಎತ್ತರದ ಮರಗಳನ್ನು ಬೆಂಗಳೂರಿನಲ್ಲಿ ಬಾಟಲ್ ಪಾಮ್ ಎನ್ನುತ್ತಾರೆ. ಅವು ರಾಯಲ್ ಪಾಮ್. ನಿಜವಾದ ಬಾಟಲ್ ಪಾಮ್ ಮಾರಿಷಸ್ ಕಡೆಯ ಒಂದು ಪುಟ್ಟ ದ್ವೀಪದ್ದು. ಆಳೆತ್ತರಕ್ಕೇ ಬುಡ ಹೂಜಿಯಂತೆ ಊದಿಕೊಂಡಿರುತ್ತದೆ, ತಲೆಯಲ್ಲಿ ನಾಲ್ಕಾರು ಗರಿಗಳು ಮಾತ್ರ. ನರಿಬಾಲದಂತೆ ಗರಿ ಇರುವ ಫಾಕ್ಸ್‌ಟೇಲ್ ಪಾಮನ್ನೂ ಕೆಲವರು ರಾಯಲ್ ಎಂದು ಮಾರಿದ್ದನ್ನು ಕಂಡಿದ್ದೇನೆ. ಅದು ಆಸ್ಟ್ರೇಲಿಯಾದ ಉತ್ತರದ ತುದಿಯ ಮರ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದೇ 1983ರಲ್ಲಿ. ಈಗ ನಮ್ಮಲ್ಲಿ ಬಡಾವಣೆಗೊಂದು ಸಾಲು ಇದೆ.

ಬೇರುಬಿಳಲು, ಮೈಸೂರು:

ಚಿತ್ರ 5ನ್ನು ಈಗಲೇ ಮುಗಿಸುತ್ತೇನೆ. ಅದು ಈ ಕುಟುಂಬದ್ದೇ ಅಲ್ಲ. ಸೈಕಸ್. ಮಾರುಕಟ್ಟೆಯಲ್ಲಿ ಸಾಗೋ ಪಾಮ್ ಎಂದು ಕರೆಯುತ್ತಾರೆ, ಅದರಿಂದಲೇ ಗೊಂದಲ. ತೆಂಗಿನ ಕುಟುಂಬದ ಯಾವ ಮರದ ಎಳೆಯ ಗರಿಯೂ ಹೀಗೆ ಸುರುಳಿ ಸುತ್ತುವುದಿಲ್ಲ. ಬೀಸಣಿಗೆಯಂತೆ ಮಡಿಕೆಯಾಗಿ, ಕತ್ತಿಯಂತೆ ನೆಟ್ಟಗೆ ಹೊರಬರುತ್ತದೆ. ಸುಳಿ ಎಂದು ನಾವು ಕರೆಯುವುದು ಅದನ್ನೇ. ಇನ್ನೂ ಒಂದು ಗುರುತು: ಸೈಕಸ್ಸಿನ ಕಿರುಎಲೆಯನ್ನು ಬಿಸಿಲಿಗೆ ಹಿಡಿದರೆ ನಡುವೆ ಒಂದೇ ನರ, ಬೇರೆ ನರಗಳೇ ಇಲ್ಲ. ತೆಂಗಿನದನ್ನು ಹಿಡಿದರೆ ಉದ್ದಕ್ಕೂ ಎಷ್ಟೋ ಸಣ್ಣ ಗೆರೆಗಳು ಕಾಣುತ್ತವೆ.

ಸೈಕಸ್ ಹೂ ಬಿಡುವ ಸಸ್ಯವೇ ಅಲ್ಲ, ದೇವದಾರು ಮತ್ತು ಪೈನ್ ಮರಗಳ ಕಡೆಯದು. ಈ ತಪ್ಪು ಹೊಸದೂ ಅಲ್ಲ. ಗಿಡಮರಗಳಿಗೆ ವೈಜ್ಞಾನಿಕ ಹೆಸರಿಡುವ ಕ್ರಮ ತಂದ ಲಿನೀಯಸ್ ಕೂಡ 1753ರಲ್ಲಿ ಸೈಕಸ್ಸನ್ನು ತೆಂಗಿನ ಕುಟುಂಬದ ಮರಗಳ ಜೊತೆಯಲ್ಲೇ ಕೂರಿಸಿದ್ದ. ಈ ಚಿತ್ರ ತಂದ ಮಗುವಿಗೆ ಇದನ್ನು ತಪ್ಪದೆ ಹೇಳಿ, ಬೇಸರಪಟ್ಟುಕೊಳ್ಳದಿರಲಿ.

ಮಸ್ಕತ್ತಿನಿಂದ:

ಊರು ಗದಗ, ಕೆಲಸ ಮಸ್ಕತ್ತಿನಲ್ಲಿ. ಚಿತ್ರ 3 ಈಚಲು ಎಂದು ಒಪ್ಪಿಬಿಟ್ಟಿದ್ದೀರಿ, ಆದರೆ ಆ ಚಿತ್ರವೊಂದರಿಂದಲೇ ಹೇಗೆ ಹೇಳುತ್ತೀರಿ? ಇಲ್ಲಿ ದಿನವೂ ಖರ್ಜೂರದ ಮರಗಳ ಕೆಳಗೇ ಓಡಾಡುತ್ತೇನೆ. ಅದರ ಕಾಂಡವೂ ಇದೇ ಓರೆ ಚೌಕಗಳ ಕಾಂಡ. ಇಲ್ಲಿಗೆ ಬಂದ ಮೊದಲ ವಾರ ನಮ್ಮೂರ ಹಳ್ಳದ ಈಚಲೇ ಇಲ್ಲಿಗೆ ಬಂದಿದೆ ಎಂದು ನಿಂತು ನೋಡಿದ್ದು ನೆನಪಿದೆ.

ಬೆಟ್ಟದಹಾದಿ, ಹನೂರು:

ಜಾಗ ಹೇಳುತ್ತದಲ್ಲ ಅಣ್ಣ. ಹೊಸಪೇಟೆಯ ಹಳ್ಳದ ದಂಡೆಯಲ್ಲಿ ತಾನಾಗಿ ಹುಟ್ಟಿದ್ದು ಎಂದರೆ ಈಚಲೇ.

ಬೇರುಬಿಳಲು, ಮೈಸೂರು:

ಇಬ್ಬರ ಮಾತೂ ಸರಿ. ಕಾಂಡದ ಚಿತ್ರವೊಂದರಿಂದ ಈಚಲು, ಖರ್ಜೂರ ಎರಡೂ ಸೇರಿರುವ ಫೀನಿಕ್ಸ್ ಜಾತಿ ಎಂದು ಹೇಳಬಹುದು, ಯಾವ ಪ್ರಭೇದ ಎಂದು ಹೇಳುವುದು ಧೈರ್ಯದ ಮಾತು. ಗರಿಯ ಬುಡದ ಕಡೆಯ ಕಿರುಎಲೆಗಳು ಉದ್ದನೆಯ ಮುಳ್ಳುಗಳಾಗಿ ಬದಲಾಗುವುದು ಎರಡಕ್ಕೂ ಸಮಾನ. ದೋಣಿ ಮಡಿಕೆಯೂ ಸಮಾನ. ಖರ್ಜೂರದ ಬುಡದಲ್ಲಿ ಮರಿಗಳು ಒಡೆಯುತ್ತವೆ. ಬೆಳೆಗಾರರು ಅವನ್ನೇ ಕಿತ್ತು ನೆಡುತ್ತಾರೆ. ಈಚಲು ಒಂಟಿ ಕಾಂಡದ್ದು, ಬೀಜದಿಂದಲೇ ಬರಬೇಕು. ಖರ್ಜೂರದ ಗರಿ ಬೂದಿ ಬಣ್ಣ, ಬಿರುಸು. ಹಣ್ಣಂತೂ ಕೇಳಬೇಕಿಲ್ಲ, ಈಚಲ ಹಣ್ಣಿನಲ್ಲಿ ಬೀಜದ ಮೇಲೆ ತೆಳ್ಳನೆಯ ತಿರುಳು ಅಷ್ಟೇ. ಮೇಷ್ಟ್ರೇ, ಬುಡದ ಚಿತ್ರವೊಂದು ಇದ್ದರೆ ಸಂಶಯ ಹರಿಯುತ್ತದೆ.

ಮಸ್ಕತ್ತಿನಿಂದ:

ಮರಿಗಳ ಮಾತು ಸರಿ ಮೇಡಂ. ಇಲ್ಲಿನ ತೋಟದವರು ತಾಯಿಮರದ ಬುಡದಿಂದ ಮರಿಯನ್ನು ಬೇರ್ಪಡಿಸುವುದನ್ನು ನೋಡಿದ್ದೇನೆ. ಹಾರೆಯಂಥ ಉದ್ದನೆಯ ಉಳಿ ಹಿಡಿದು, ಬೇರು ಕಡಿಯದಂತೆ, ಹೆರಿಗೆ ಮಾಡಿಸುವಷ್ಟು ಜಾಗ್ರತೆಯಿಂದ ತೆಗೆಯುತ್ತಾರೆ. ಬುಡದ ಎರಡು ಚಿತ್ರ ಹಾಕಿದ್ದೇನೆ, ಮಕ್ಕಳಿಗೆ ಹೋಲಿಸಲು ಆದೀತು.

ಬೆಟ್ಟದಹಾದಿ, ಹನೂರು:

ನಮ್ಮ ಮಲೆ ಮಹದೇಶ್ವರ ಬೆಟ್ಟದ ಕಡೆ ಇನ್ನೊಂದು ಈಚಲಿದೆ, ಕಿರು ಈಚಲು. ಹುಲ್ಲುಗಾವಲಿನ ನಡುವೆ ಸೊಂಟದೆತ್ತರ, ಕೆಲವೆಡೆ ಆಳೆತ್ತರ. ಸೋಲಿಗರು ಅದರ ಗರಿ ತಂದು ಪೊರಕೆ ಕಟ್ಟುತ್ತಾರೆ. ನಮ್ಮ ಮನೆಯ ಅಂಗಳ ಗುಡಿಸುವುದು ಅದರಲ್ಲೇ. ಚಿತ್ರಪಟದಲ್ಲಿ ಅದಕ್ಕೂ ಜಾಗ ಕೊಡಿ ಮೇಷ್ಟ್ರೇ. ಗರಿ, ಬುಡ, ಮುಳ್ಳು, ಕಟ್ಟಿದ ಪೊರಕೆ ನಾಲ್ಕನ್ನೂ ತೆಗೆದು ಕಳಿಸುತ್ತೇನೆ.

ಓಲೆಗರಿ, ಉಡುಪಿ:

ಚಿತ್ರ 2ರ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ. ನಾನು ಹಳೆಯ ಓಲೆ ಪ್ರತಿಗಳನ್ನು ಶುಚಿಮಾಡಿ ಕಟ್ಟುವ ಕೆಲಸದಲ್ಲಿದ್ದೇನೆ. ಈ ಚಿತ್ರ ನೋಡಿ ಎರಡು ದಿನದಿಂದ ಮನಸ್ಸು ಅಲ್ಲೇ ಇದೆ. ಗರಗಸದ ಹಲ್ಲಿನ ತೊಟ್ಟು, ಬೀಸಣಿಗೆಯಂಥ ಎಲೆ ಎಂದರೆ ನಮ್ಮ ಕಡೆ ಎರಡು ಮರ. ಒಂದು ತಾಳೆ, ಬೇಸಿಗೆಯಲ್ಲಿ ನಾವು ಈರೋಳು ಎಂದು ತಿನ್ನುವ, ಬೆಂಗಳೂರಿನಲ್ಲಿ ತಾಟಿನುಂಗು ಎನ್ನುವ ಹಣ್ಣಿನ ಮರ. ಇನ್ನೊಂದು ಶ್ರೀತಾಳೆ. ತುಳುವಿನಲ್ಲಿ ಪನೋಲಿ. ತಾಳೆ ಬೇಕಾದಷ್ಟಿದೆ. ಶ್ರೀತಾಳೆ ಹುಡುಕಿಕೊಂಡು ಹೋಗಬೇಕು.

ಚಿತ್ರದಲ್ಲಿ ಅಳತೆಗೆ ಏನೂ ಇಲ್ಲದ್ದು ದೊಡ್ಡ ಕೊರತೆಯಾಯಿತು. ಹಲ್ಲು, ಬಣ್ಣ, ಹೊಳಪು ಎಲ್ಲ ಇದೆ. ಆದರೆ ಇದು ಎರಡು ಬೆರಳಗಲದ ತೊಟ್ಟೋ ಗೇಣಗಲದ ತೊಟ್ಟೋ ತಿಳಿಯುವುದು ಹೇಗೆ? ಹತ್ತಿರದ ಚಿತ್ರದಲ್ಲಿ ಇರುವೆಯೂ ಆನೆಯಂತೆ ಕಾಣುತ್ತದೆ. ತೆಗೆದ ಹುಡುಗನನ್ನು ಕೇಳಿ ನೋಡಿ.

ಸಿದ್ದಾಪುರದ ಮೇಷ್ಟ್ರು:

ಕೇಳಿದೆ. ಅವನು ಮಾತಾಡದೆ ಎರಡೂ ಅಂಗೈಯನ್ನು ಪಕ್ಕ ಪಕ್ಕ ಇಟ್ಟು ತೋರಿಸಿದ. ಇಷ್ಟಗಲ, ಮಧ್ಯದಲ್ಲಿ ಹಳ್ಳ, ಮಳೆನೀರು ಅದರಲ್ಲಿ ಹರಿದು ಬರುತ್ತಿತ್ತು ಎಂದ. ಮರಕ್ಕೆ ಇನ್ನೂ ಕಾಂಡ ಬಂದಿಲ್ಲವಂತೆ, ನೆಲದಿಂದಲೇ ಎಲೆಗಳು ಎದ್ದಿವೆಯಂತೆ. ಒಂದು ಎಲೆಯ ಕೆಳಗೆ ಅವನೂ ಅವನ ತಂಗಿಯೂ ಅಜ್ಜಿಯೂ ನೆನೆಯದೆ ನಿಂತಿದ್ದರಂತೆ.

ಓಲೆಗರಿ, ಉಡುಪಿ:

ಮೇಷ್ಟ್ರೇ, ಅದು ಶ್ರೀತಾಳೆಯೇ ಇರಬೇಕು! ಆದರೂ ಮೇಡಂ ಹೇಳುವಂತೆ ನೋಡದೆ ಹೇಳಬಾರದು. ಆ ಮನೆಯವರಿಗೆ ಹೇಳಿ ಇನ್ನೊಂದು ಚಿತ್ರ ತೆಗೆಸಿ. ತೊಟ್ಟಿನ ಬುಡದಲ್ಲಿ ಅಳೆಯಬೇಡಿ. ತಾಳೆಯ ತೊಟ್ಟಿನ ಬುಡವೂ ಅಗಲವಾಗಿ ಕಾಂಡವನ್ನು ತಬ್ಬಿರುತ್ತದೆ. ಹಳೆಯದಾದಾಗ ನಡುವೆ ಸೀಳಿ ಕವೆಯಂತೆ ಆಗುತ್ತದೆ. ಅಲ್ಲಿ ಅಳೆದವರು ಮೋಸ ಹೋಗುತ್ತಾರೆ. ಬುಡಕ್ಕೂ ಎಲೆಗೂ ನಡುವೆ, ಸರಿ ಮಧ್ಯದಲ್ಲಿ ಸ್ಕೇಲ್ ಅಡ್ಡ ಇಟ್ಟು ತೆಗೆಯಲಿ. ತಾಳೆಯಲ್ಲಿ ಅಲ್ಲಿ ನನ್ನ ಅಂಗೈಯ ಅಗಲ ಮೀರಿದ್ದನ್ನು ನಾನು ಕಂಡಿಲ್ಲ.

ಸಿದ್ದಾಪುರದ ಮೇಷ್ಟ್ರು:

ಭಾನುವಾರ ಕಾನಿಗೆ ಹೋಗಿಬಂದೆವು. ಹನ್ನೊಂದು ಮಕ್ಕಳು, ಇಬ್ಬರು ಪಾಲಕರು, ನಾನು. ಉಂಬಳಗಳಿಗೆ ಹಬ್ಬ. ಚಿತ್ರ 1ರ ಮರ ಹಳ್ಳದ ಪಕ್ಕ ಇಳಿಜಾರಿನಲ್ಲಿ ಸಿಕ್ಕಿತು. ಒಂದಲ್ಲ, ಒಂದೇ ಬುಡದಿಂದ ಐದಾರು ಕಾಂಡ. ಮೊದಲು ಕಣ್ಣಿಗೆ ಬಿದ್ದದ್ದು ಅದರ ಗಾತ್ರ. ಗರಿಯೊಂದು ನನ್ನ ಎತ್ತರದ ಎರಡರಷ್ಟಿದೆ. ಕಾಂಡದ ಮೈ ತುಂಬ ಕುದುರೆ ಕೂದಲಿನಂಥ ಕಪ್ಪು ನಾರು. ಕಿರುಎಲೆ ಉದ್ದ, ಮೊಳಕ್ಕಿಂತ ಹೆಚ್ಚು, ಮೇಲೆ ಕಡು ಹಸಿರು, ತಿರುಗಿಸಿದರೆ ಬಿಳಿ. ಬುಡದಲ್ಲಿ ಹಾಲೆಯಂತೆ ಒಂದು ಕಿವಿ.

ಈಗ ಮಡಿಕೆ. ಬ್ಲೇಡು ತರಲು ಮರೆತಿದ್ದೆವು. ಒಂದು ಹುಡುಗಿ ತನ್ನ ನೀರಿನ ಬಾಟಲಿಯ ಮುಚ್ಚಳದಿಂದ ಕಿರುಎಲೆಯ ಬುಡಕ್ಕೆ ನೀರು ಸುರಿದಳು. ಹನ್ನೊಂದು ತಲೆಗಳು ಒಟ್ಟಿಗೆ ಬಗ್ಗಿದವು. ನೀರು ನಿಂತಿತು. ದೋಣಿ ದೋಣಿ ಎಂದು ಕೂಗಿದ್ದು ಕಾನಿಗೆಲ್ಲ ಕೇಳಿರಬೇಕು. ಒಂಬತ್ತು ಚಿತ್ರ ಹಾಕಿದ್ದೇನೆ, ಎಲ್ಲದರಲ್ಲೂ ಕೈ ಅಥವಾ ಸ್ಕೇಲ್ ಇದೆ.

ಬೇರುಬಿಳಲು, ಮೈಸೂರು:

ದಡಸಲು! ಅರೆಂಗಾ ವೈಟಿಯೈ. ಬಿಳಿ ಅಡಿಭಾಗ ನೋಡಿದಾಗಲೇ ಹಾಗೆಂದುಕೊಂಡಿದ್ದೆ. ಈಗ ದೋಣಿ ಮಡಿಕೆ, ಬುಡದ ಕಿವಿ, ಕಪ್ಪು ನಾರು ಎಲ್ಲ ಕೂಡಿಬಂದಿವೆ. ಬೈನೆಯೂ ದೋಣಿಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಬೈನೆಯ ಗರಿ ಎರಡು ಸಲ ಕವಲೊಡೆಯುತ್ತದೆ. ತೆಂಗಿನ ಕುಟುಂಬದಲ್ಲಿ ಆ ಒಂದು ಬಳಗಕ್ಕೆ ಮಾತ್ರ ಇರುವ ಗುಣ ಅದು. ಮರಿಗಿಡದಲ್ಲಿ ಒಂದೇ ಸಲ ಕವಲೊಡೆದಿದ್ದರೂ ಕಿರುಎಲೆ ಮೀನಿನ ಬಾಲದಂತೆ ತ್ರಿಕೋನ, ನಡುನರವಿಲ್ಲದೆ ನರಗಳು ಬೀಸಣಿಗೆಯಂತೆ ಹರಡಿರುತ್ತವೆ. ನಿಮ್ಮ ಚಿತ್ರದಲ್ಲಿ ಪಟ್ಟಿಯಂಥ ಎಲೆ, ನಡುವೆ ಎದ್ದು ಕಾಣುವ ಒಂದು ನರ.

ದಡಸಲು ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಹೆಸರಿನಲ್ಲಿರುವುದು ಮದ್ರಾಸಿನಲ್ಲಿದ್ದು ದಕ್ಷಿಣ ಭಾರತದ ಗಿಡಗಳನ್ನು ಚಿತ್ರ ಬರೆಸಿ ದಾಖಲಿಸಿದ ರಾಬರ್ಟ್ ವೈಟ್. ಬೈನೆಯಂತೆಯೇ ಇದರ ಒಂದೊಂದು ಕಾಂಡವೂ ಹೂಗೊಂಚಲನ್ನು ಮೇಲಿನಿಂದ ಕೆಳಕ್ಕೆ ಬಿಡುತ್ತ ಬಂದು ಕೊನೆಗೆ ಸಾಯುತ್ತದೆ. ಬೈನೆ ಒಂಟಿಯಾದ್ದರಿಂದ ಮರವೇ ಹೋಯಿತು. ದಡಸಲಿನಲ್ಲಿ ಪಕ್ಕದ ಕಾಂಡಗಳು ಮುಂದುವರಿಯುತ್ತವೆ. ಹಣ್ಣಿನ ತಿರುಳಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳು ಇರುತ್ತವೆ. ಬೈನೆಯ ಹಣ್ಣು ಮುಟ್ಟಿ ಕೈ ತುರಿಸಿಕೊಂಡವರಿಗೆ ಅದು ಗೊತ್ತು. ಅದಕ್ಕೇ ಬರಿಗೈ ಬೇಡ ಎಂದದ್ದು.

ಹಿಂಗಾರ, ಶಿರಸಿ:

ಒಪ್ಪಿದೆ ಮೇಷ್ಟ್ರೇ, ನನ್ನದು ತಪ್ಪಾಯಿತು. ದಡಸಲು ಎಂಬ ಹೆಸರನ್ನು ನಮ್ಮ ಅಜ್ಜ ಹೇಳುತ್ತಿದ್ದರು. ಮರ ಯಾವುದೆಂದು ನಾನು ಕೇಳಿಟ್ಟುಕೊಳ್ಳಲಿಲ್ಲ. ಈಗ ಗೊತ್ತಾಯಿತು.

ಮಕ್ಕಳಿಗೆ ಎರಡನ್ನೂ ಪಕ್ಕ ಪಕ್ಕ ತೋರಿಸಲು ನಿಜವಾದ ಕಾಡಡಿಕೆಯ ಚಿತ್ರಗಳನ್ನು ಇಂದು ಬೆಟ್ಟಕ್ಕೆ ಹೋಗಿ ತೆಗೆದು ತಂದಿದ್ದೇನೆ. ಕಾಂಡ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಡಿಕೆ ಮರದಂತೆಯೇ ಬಳೆ ಬಳೆ. ತಲೆಯ ಕೆಳಗೆ ಹಸಿರು ಹಾಳೆ ನುಣ್ಣಗೆ ಸುತ್ತಿಕೊಂಡಿದೆ, ನಾರಿನ ಹೆಸರಿಲ್ಲ. ಗೊಂಚಲು ಹಾಳೆಗಿಂತ ಕೆಳಗೆ, ಬರಿಯ ಕಾಂಡದ ಮೇಲೆ ಬಂದಿದೆ. ಎಲೆಯ ಅಡಿಭಾಗ ಹಸಿರು. ಮಡಿಕೆ ಮಾಡು. ತಂಬಿಗೆ ಈ ಸಲ ಜೊತೆಯಲ್ಲೇ ಒಯ್ದಿದ್ದೆ.

ಓಲೆಗರಿ, ಉಡುಪಿ:

ಉಡುಪಿಯ ಚಿತ್ರ ಬಂದಿದೆಯೇ?

ಸಿದ್ದಾಪುರದ ಮೇಷ್ಟ್ರು:

ಇಂದು ಬಂತು. ತೊಟ್ಟಿನ ನಡುವಿನಲ್ಲಿ 16 ಸೆಂಟಿಮೀಟರ್. ಹುಡುಗನ ಅಜ್ಜಿಯೇ ಸ್ಕೇಲ್ ಹಿಡಿದಿದ್ದಾರೆ. ಅದರ ಜೊತೆ ಒಂದು ಸುದ್ದಿಯೂ ಬಂತು. ಮರ ಅಂಗಳದ ಅರ್ಧ ಜಾಗವನ್ನು ನುಂಗಿದೆ, ಮಳೆಗಾಲ ಮುಗಿದ ಮೇಲೆ ಕಡಿಸುತ್ತೇವೆ ಎಂದು ಮನೆಯವರು ಹೇಳಿದರಂತೆ. ಅದು ಹೂಬಿಟ್ಟರೆ ಮನೆಗೆ ಕೆಡುಕು ಎಂದು ನೆರೆಯವರೂ ಹೇಳುತ್ತಿದ್ದಾರಂತೆ. ಹುಡುಗ ಇವತ್ತು ಊಟಕ್ಕೆ ಕೂರಲಿಲ್ಲ.

ಓಲೆಗರಿ, ಉಡುಪಿ:

16 ಎಂದರೆ ಮಾತೇ ಇಲ್ಲ, ಶ್ರೀತಾಳೆ.

ಮೇಷ್ಟ್ರೇ, ಅಂಗಳಕ್ಕೆ ದೊಡ್ಡದಾಯಿತು ಎಂಬುದು ನ್ಯಾಯವಾದ ಕಷ್ಟ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎಲೆಯೊಂದು ಐದು ಮೀಟರ್ ಅಗಲಕ್ಕೂ ಬೆಳೆಯುತ್ತದೆ. ಆದರೆ ಕೆಡುಕಿನ ಮಾತು ಎಲ್ಲಿಂದ ಬಂತೆಂದು ತಿಳಿಯಬೇಕು. ಈ ಮರ ಮೂವತ್ತರಿಂದ ಎಂಬತ್ತು ವರ್ಷದವರೆಗೆ ಬರಿಯ ಎಲೆ ಬಿಡುತ್ತ ಇರುತ್ತದೆ. ಆಮೇಲೆ ಒಂದೇ ಸಲ ನೆತ್ತಿಯಲ್ಲಿ ಹೂಬಿಡುತ್ತದೆ, ಆರೆಂಟು ಮೀಟರ್ ಎತ್ತರದ ತೇರಿನಂತೆ. ಸಸ್ಯಲೋಕದಲ್ಲೇ ಇದಕ್ಕಿಂತ ದೊಡ್ಡ ಹೂಗೊಂಚಲಿಲ್ಲ. ಕಾಯಿ ಬಲಿತು ಬಿದ್ದ ಮೇಲೆ ಮರ ಒಣಗಿ ಸಾಯುತ್ತದೆ. ಹೂವಿನ ಬೆನ್ನಿಗೇ ಸಾವು ಬರುವುದನ್ನು ಕಂಡವರು ಅದು ಮನೆಗೂ ತಗಲೀತೆಂದು ಹೆದರಿದರು. ಹೂಬಿಡುವ ಮೊದಲೇ ಕಡಿದರು. ಬೀಜವೂ ಹೋಯಿತು. ಜೀವಮಾನಕ್ಕೆ ಒಮ್ಮೆ ಬೀಜ ಕೊಡುವ ಮರವನ್ನು ಆ ಒಂದು ಸಲವೂ ಬಿಡದಿದ್ದರೆ ಸಂತಾನ ಉಳಿಯುವುದು ಹೇಗೆ? ನಮ್ಮ ಮನೆಯ ಹಿಂದೆಯೂ ಒಂದಿತ್ತು. ನಾನು ಏಳನೇ ತರಗತಿಯಲ್ಲಿದ್ದಾಗ ಕಡಿದರು. ಆ ಕೊಡಲಿಯ ಸದ್ದು ಈಗಲೂ ನನಗೆ ಕೇಳಿಸುತ್ತದೆ.

ನಾನು ದಿನವೂ ಮುಟ್ಟುವ ಓಲೆಗಳ ಮೇಲೆ ಈ ಮರದ ಗುರುತಿದೆ. ತಾಳೆಯ ಓಲೆ ದಪ್ಪ, ಬೇಗ ಸೆಟೆಯುತ್ತದೆ. ಶ್ರೀತಾಳೆಯದು ತೆಳು, ಅಗಲ, ಮೆದು. ಬೆರಳ ಸುತ್ತ ಬಾಗಿಸಿದರೂ ಮುರಿಯುವುದಿಲ್ಲ. ಮೂಡುಬಿದಿರೆಯಲ್ಲಿ ಕಾಪಾಡಿಕೊಂಡು ಬಂದ ಜೈನರ ಧವಳ ಗ್ರಂಥಗಳು ಇಷ್ಟು ಶತಮಾನ ಉಳಿದದ್ದು ಓಲೆಯ ಮೇಲೆ. ಆ ಮನೆ ಎಲ್ಲಿ ಎಂದು ನನಗೆ ಖಾಸಗಿಯಾಗಿ ತಿಳಿಸಿ. ನಾನು ಹೋಗಿ ಮಾತಾಡುತ್ತೇನೆ.

ಬೇರುಬಿಳಲು, ಮೈಸೂರು:

ದಯವಿಟ್ಟು ಹೋಗಿಬನ್ನಿ. ಅಂಗಳದ ಕಡೆ ಚಾಚಿದ ಹಳೆಯ ಎಲೆಗಳನ್ನು ಮಾತ್ರ ಸವರಿದರೆ ಮರಕ್ಕೆ ಏನೂ ಆಗುವುದಿಲ್ಲ ಎಂದು ಹೇಳಿ. ಸುಳಿಯನ್ನು ಮುಟ್ಟಬಾರದು ಅಷ್ಟೇ. ಈ ಕುಟುಂಬದ ಮರಕ್ಕೆ ಸುಳಿ ಹೋದರೆ ಎಲ್ಲ ಹೋದಂತೆ.

ಸಿದ್ದಾಪುರದ ಮೇಷ್ಟ್ರು:

ವಿಳಾಸ ಕಳಿಸಿದ್ದೇನೆ. ಈ ನಡುವೆ ಚಿತ್ರಪಟ ಸಿದ್ಧವಾಗುತ್ತಿದೆ. ನಡುವೆ ತಂಬಿಗೆಯ ನೀರಿನ ಎರಡು ಚಿತ್ರ ಹಾಕಿದ್ದಾರೆ, ಒಂದಕ್ಕೆ ದೋಣಿ, ಇನ್ನೊಂದಕ್ಕೆ ಮಾಡು ಎಂದು ಬರೆದು, ಉಳಿದ ಮರಗಳನ್ನು ಎರಡು ಕಡೆಗೆ ಹಂಚಿದ್ದಾರೆ. ಹೊಸಪೇಟೆಯ ಮರದ ಬುಡದ ಚಿತ್ರವೂ ಬಂತು, ಮರಿಗಳಿಲ್ಲ. ಈಚಲು ಎಂದೇ ಬರೆದೆವು. ಸೈಕಸ್ಸನ್ನು ತೆಗೆಯುವುದು ಬೇಡವೆಂದು ಮಕ್ಕಳೇ ಹಟ ಹಿಡಿದರು. ಬಲಗಡೆ ಮೂಲೆಯಲ್ಲಿ ಬೇರೆ ಚೌಕಟ್ಟು ಮಾಡಿ, ಇದು ನೆಂಟನಲ್ಲ ಎಂದು ಬರೆದಿದ್ದಾರೆ. ಹನೂರಿನಿಂದ ಪೊರಕೆಯ ಚಿತ್ರ ಬಂದರೆ ಮುಗಿಯಿತು.

ಬೆಟ್ಟದಹಾದಿ, ಹನೂರು:

ನಿನ್ನೆಯೇ ಕಳಿಸಿದೆ ಮೇಷ್ಟ್ರೇ, ನೋಡಿ.

ಓಲೆಗರಿ, ಉಡುಪಿ:

ಹೋಗಿಬಂದೆ. ಮನೆಯ ಯಜಮಾನರು ಮೊದಲು ಮಾತೇ ಆಡಲಿಲ್ಲ. ಜೊತೆಗೆ ಒಯ್ದಿದ್ದ ಬರೆಯದ ಹಳೆಯ ಶ್ರೀತಾಳೆ ಓಲೆಯೊಂದನ್ನು ಅಜ್ಜಿಯ ಕೈಗೆ ಕೊಟ್ಟೆ. ಅವರು ಅದನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ನೋಡಿದರು. ಚಿಕ್ಕವರಿದ್ದಾಗ ಗದ್ದೆಗೆ ಹೋಗುವಾಗ ಇದೇ ಎಲೆಯ ಕೊಡೆ ಹಿಡಿಯುತ್ತಿದ್ದರಂತೆ. ಕೊಡೆಯ ಎಲೆ ಇದೇ ಮರದ್ದೆಂದು ಮಗನಿಗೆ ಹೇಳಿಯೇ ಇರಲಿಲ್ಲವಂತೆ, ಅವನೂ ಕೇಳಿರಲಿಲ್ಲ. ಕಾಂಡವೇ ಬಾರದ ಮರ, ಹೂಬಿಡುವ ಹೊತ್ತಿಗೆ ಅಂಗಳ ಯಾರದಿರುತ್ತದೋ, ಈಗಿನಿಂದ ಹೆದರುವುದೇಕೆ ಎಂದು ಅವರೇ ಮಗನನ್ನು ಕೇಳಿದರು.

ಅಂಗಳದ ಕಡೆಯ ಎರಡು ಎಲೆಗಳನ್ನು ಸವರಿ ಕೊಟ್ಟು ಬಂದೆ. ಒಂದನ್ನು ನಾನು ತಂದೆ, ಓಲೆ ಹದ ಮಾಡಲು. ಇನ್ನೊಂದನ್ನು ಸಿದ್ದಾಪುರದ ಬಸ್ಸಿನಲ್ಲಿ ಹಾಕಿದ್ದೇನೆ, ಮಡಿಸಿ ಕಟ್ಟಿದರೂ ಡಿಕ್ಕಿಯಲ್ಲಿ ಹಿಡಿಸಲಿಲ್ಲ, ಮೇಲೆ ಕಟ್ಟಿಸಿದೆ. ನಾಳೆ ಬೆಳಿಗ್ಗೆ ಏಳಕ್ಕೆ ನಿಲ್ದಾಣಕ್ಕೆ ಮಕ್ಕಳನ್ನು ಕಳಿಸಿ ಮೇಷ್ಟ್ರೇ, ಒಬ್ಬರಿಂದ ಹೊರಲಾಗದು. ತೊಟ್ಟಿನ ನಡುವೆ ಅಜ್ಜಿ ಸ್ಕೇಲ್ ಇಟ್ಟಲ್ಲಿ ಪೆನ್ನಿನ ಗೆರೆ ಇನ್ನೂ ಇದೆ, ಅಳಿಸಿಲ್ಲ.